ಎರೆಹೊಲದ ಹತ್ತಿಕಾಯಿಯೊಳಗೆ

ಚಳಿ ಬಿದ್ದ ಮೇಲೆ ಸಿಂದಗಿಯಿಂದ ಮುದ್ದೇಬಿಹಾಳದ ಕಡೆ ಹೊರಟರೆ ಕಣ್ಣು ಹಾಯುವಷ್ಟು ದೂರ ಎರೆಹೊಲ. ತೊಗರಿ ಹೂವು, ಕಾಯಿ ಎರಡನ್ನೂ ಹೊತ್ತು ನಿಂತಿದೆ. ಬಿಳಿಜೋಳ ಮೊಣಕಾಲುದ್ದ ಬೆಳೆದಿದೆ. ನಡುನಡುವೆ ಹತ್ತಿ ಒಡೆದು ಹೊಲ ಬೆಳ್ಳಗಾಗಿದೆ. ಇಬ್ಬನಿ ಆರಿದ ಕೂಡಲೇ ಹೆಂಗಸರು ಉಡಿ ಕಟ್ಟಿಕೊಂಡು ಸಾಲು ಹಿಡಿಯುತ್ತಾರೆ. ಒಣಗಿದ ಕಾಯಿಯ ಮೊನೆ ಬೆರಳು ಗೀರಿದರೂ ಹತ್ತಿ ಬಿಡಿಸುವ ಕೈ ನಿಲ್ಲುವುದಿಲ್ಲ.

ಈ ಹತ್ತಿ ಮೊದಲಿನ ಹತ್ತಿಯಲ್ಲ. ಒಂದು ಜೀವಿಯ ಗುಣವನ್ನು ಇನ್ನೊಂದರೊಳಗೆ ಇಳಿಸುವ ವಿಜ್ಞಾನಿ ಕಾದಂಬರಿಗಳಲ್ಲಿ ಯಾವುದೋ ದ್ವೀಪದಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತಾನೆ. ಇಲ್ಲಿ ಆ ವಿದ್ಯೆ 450 ಗ್ರಾಮಿನ ಬೀಜದ ಪಾಕೀಟಿನಲ್ಲಿ ಬಂತು. ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ) ಎಂಬ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಹತ್ತಿಗೆ ಸೇರಿಸಿದ್ದರಿಂದ ಎಲೆ, ಮೊಗ್ಗು, ಕಾಯಿಗಳಲ್ಲಿ ಒಂದು ಪ್ರೋಟೀನು ತಯಾರಾಗುತ್ತದೆ. ಅದನ್ನು ತಿಂದ ಕಾಯಿಕೊರಕದ ಮರಿ ಕರುಳು ತೂತುಬಿದ್ದು ಸಾಯುತ್ತದೆ. 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಇದರ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. 2002ರ ಮಾರ್ಚಿನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಆಮೇಲೆ ಜವಾರಿ ಹತ್ತಿ ಬಿತ್ತುವವರು ವಿರಳವಾದರು.

ಈಗ ಇದೇ ಹೊಲದ ಹಸಿರು ಕಾಯಿಯೊಂದನ್ನು ಕಿತ್ತು ನೋಡಿ. ಮೇಲೆ ಒಂದು ಗಾಯವಿಲ್ಲ. ಉಗುರಿನಿಂದ ಸೀಳಿದರೆ ಒಂದು ಹೋಳಿನ ಎಳೆ ಕಂದು ಬಣ್ಣಕ್ಕೆ ತಿರುಗಿ ಕೊಳೆತಿದೆ; ಹಸಿಬೀಜದೊಳಗೆ ಗುಲಾಬಿ ಪಟ್ಟೆಯ ಹುಳ, ಉದ್ದ ಒಂದು ಸೆಂಟಿಮೀಟರಿನಷ್ಟು. ತೀರ ಮರಿಯಿದ್ದಾಗಲೇ ಕಾಯಿ ಕೊರೆದು ಒಳಗೆ ಸೇರಿತ್ತು; ಕಾಯಿ ಬೆಳೆದಂತೆ ಆ ತೂತು ಮುಚ್ಚಿಹೋಯಿತು. ಔಷಧಿ ಹೊಡೆದರೂ ಒಳಗಿನ ಹುಳಕ್ಕೆ ತಾಗುವುದಿಲ್ಲ. ಇದೇ ಗುಲಾಬಿ ಕಾಯಿಕೊರಕ. ಮೊದಲ ವಂಶವಾಹಿಯ ವಿಷವನ್ನು ಅದು ಜೀರ್ಣಿಸಿಕೊಂಡ ಸುದ್ದಿ 2010ರಲ್ಲಿ ಗುಜರಾತಿನಿಂದ ಬಂತು. ಎರಡು ವಂಶವಾಹಿ ಕೂಡಿಸಿದ ಬೀಜವೂ ಮುಂದೆ ಅದನ್ನು ತಡೆಯಲಿಲ್ಲ.

ಹತ್ತಿಯ ಇನ್ನೊಂದು ಶತ್ರು ಹಸಿರು ಕಾಯಿಕೊರಕ ಮಾತ್ರ ಇಷ್ಟು ಬೇಗ ಗೆಲ್ಲಲಿಲ್ಲ. ಕಾರಣ ಪಕ್ಕದ ಹೊಲದಲ್ಲೇ ಇದೆ. ಅದು ತೊಗರಿಯನ್ನೂ ಕಡಲೆಯನ್ನೂ ತಿನ್ನುತ್ತದೆ. ಇಂಡಿ, ಸಿಂದಗಿಯ ತೊಗರಿಯಲ್ಲಿ ಬೆಳೆದ ಪತಂಗಕ್ಕೆ ಬಿಟಿಯ ವಿಷ ಗೊತ್ತೇ ಇಲ್ಲ. ಹತ್ತಿಯಲ್ಲಿ ಬದುಕುಳಿದ ಗಟ್ಟಿ ಪತಂಗದ ಜೊತೆ ಅದು ಕೂಡಿದಾಗ ಮರಿಗಳ ಗಟ್ಟಿತನ ಇಳಿಯುತ್ತದೆ. ಗುಲಾಬಿ ಹುಳಕ್ಕೆ ಹೆಚ್ಚುಕಡಿಮೆ ಹತ್ತಿಯೊಂದೇ ಮೇವು. ಅದಕ್ಕಾಗಿಯೇ ಪಾಕೀಟಿನ ಜೊತೆ 120 ಗ್ರಾಂ ಬಿಟಿಯಲ್ಲದ ಬೀಜ ಕೊಡುತ್ತಿದ್ದರು, ಹೊಲದ ಸುತ್ತ ಹಾಕಲಿಕ್ಕೆ. ಹುಳಕ್ಕೆಂದೇ ಬೆಳೆ ಬೆಳೆಯಿರಿ ಎಂದರೆ ಸಾಲ ಮಾಡಿ ಬಿತ್ತಿದವನು ಹೇಗೆ ಒಪ್ಪಬೇಕು? ಹೆಚ್ಚಿನವರು ಹಾಕಲಿಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಯಾಕೆ ಹಾಕಬೇಕೆಂದು ಕೂತು ತಿಳಿಹೇಳಬೇಕಾದವರು ಹೊಲಕ್ಕೆ ಬರಲಿಲ್ಲ.

ನನ್ನ ಸಿಟ್ಟು ವಂಶವಾಹಿಯ ಮೇಲಲ್ಲ, ಅದನ್ನು ಹೈಬ್ರಿಡ್ ಬೀಜಕ್ಕೆ ಕಟ್ಟಿಹಾಕಿದ ರೀತಿಯ ಮೇಲೆ. ಹೈಬ್ರಿಡ್ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಗುಣ ನಿಲ್ಲುವುದಿಲ್ಲ, ಪ್ರತಿ ವರ್ಷ ಕೊಳ್ಳಲೇಬೇಕು. ಮನೆಯಲ್ಲೇ ಎತ್ತಿಡಬಹುದಾದ ಬಿಟಿ ತಳಿಯೊಂದನ್ನು, ಬಿಕಾನೇರಿ ನರ್ಮಾ ಬಿಟಿಯನ್ನು, ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ತಯಾರಿಸಿದ್ದವು. 2009ರಲ್ಲಿ ರೈತರ ಕೈಸೇರಿತು. ಅದರಲ್ಲಿ ಖಾಸಗಿ ಕಂಪನಿಯೊಂದರ ವಂಶವಾಹಿ ಬೆರೆತಿದೆ ಎಂಬ ವಿವಾದ ಎದ್ದು ಬೀಜ ನಿಂತುಹೋಯಿತು. ಸಾರ್ವಜನಿಕ ಹಣದ ಆ ಪ್ರಯತ್ನವನ್ನು ಅಲ್ಲಿಗೇ ಕೈಬಿಟ್ಟದ್ದು ಈ ಒಣಭೂಮಿಗಾದ ದೊಡ್ಡ ನಷ್ಟ.

ಗುಲಾಬಿ ಹುಳಕ್ಕೆ ನೀರೂ ನೆರವಾಗಿದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಆಲಮಟ್ಟಿಯ ನೀರು ಏತದಿಂದ ಕಾಲುವೆಗೆ ಹತ್ತಿದೆ. ನೀರಿದ್ದರೆ ಹತ್ತಿಗಿಡ ಸಂಕ್ರಾಂತಿ ದಾಟಿಯೂ ಚಿಗುರಿ ಕಾಯಿ ಹಿಡಿಯುತ್ತದೆ. ಇನ್ನೊಂದು ಬಿಡಿಸುವಿಕೆ ಸಿಗಲಿ ಎಂದು ರೈತ ಉಳಿಸಿಕೊಳ್ಳುತ್ತಾನೆ. ಆ ಕೊನೆಯ ಕಾಯಿಗಳಲ್ಲೇ ಹುಳ ಮುಂದಿನ ಮುಂಗಾರಿನವರೆಗೆ ಮಲಗುವುದು. ಹೀಗಾಗಿ ಡಿಸೆಂಬರಿಗೇ ಬೆಳೆ ಮುಗಿಸಿ, ಕಟ್ಟಿಗೆ ಕಿತ್ತು, ಹೊಲವನ್ನು ಕಡಲೆಗೋ ಜೋಳಕ್ಕೋ ಬಿಟ್ಟುಕೊಡುವುದು ಕ್ಷೇಮ. ಒಬ್ಬನೇ ಕಿತ್ತರೆ ಸಾಲದು, ಪತಂಗ ಬದುವಿನಲ್ಲಿ ನಿಲ್ಲುವುದಿಲ್ಲ. ಊರಿಗೆ ಊರೇ ಒಂದೇ ವಾರದಲ್ಲಿ ಕೀಳಬೇಕು.