ಚಾರಣದ ನೀರಿನ ಚೀಲ

ಕುಮಾರಪರ್ವತ ಹತ್ತಿ ಬಂದ ಯುವಕನೊಬ್ಬ ಭೇದಿಯೆಂದು ನನ್ನಲ್ಲಿಗೆ ಬಂದಿದ್ದ. ಬೆನ್ನಿಗೇರಿಸುವ 2 ಲೀಟರಿನ ಚೀಲದಲ್ಲಿ ಕುದಿಸಿ ಆರಿಸಿದ ನೀರನ್ನೇ ಒಯ್ದಿದ್ದನಂತೆ. ಚೀಲ ತರಿಸಿ ನೋಡಿದೆ. ಕೊಳವೆಯೊಳಗೆ ಲೋಳೆ, ಹೀರುವ ತುದಿಯಲ್ಲಿ ಕರಿ ಬೂಷ್ಟು! ಹಿಂದಿನ ಚಾರಣದಲ್ಲಿ ಗ್ಲೂಕೋಸ್ ಬೆರೆಸಿ, ತೊಳೆಯದೆ ಮಡಚಿಟ್ಟಿದ್ದ. ಸೂಕ್ಷ್ಮಜೀವಿಗಳಿಗೆ ಸಕ್ಕರೆಯೆಂದರೆ ಹಬ್ಬದೂಟ. ಭೇದಿಗೆ ಅದೇ ಕಾರಣವೆಂದು ಪರೀಕ್ಷೆಯಿಲ್ಲದೆ ಹೇಳಲಾರೆ. ಆ ನೀರನ್ನು ನಾನಂತೂ ಕುಡಿಯಲಾರೆ.

ಮರಳಿದ ದಿನವೇ ಚೀಲ, ಕೊಳವೆ, ತುದಿಗಳನ್ನು ಬಿಡಿಸಿ ಸಾಬೂನು ನೀರಿನಲ್ಲಿ ತೊಳೆಯಿರಿ. ಕೊಳವೆಗೆ ಉದ್ದನೆಯ ಸಣ್ಣ ಬ್ರಷ್ ಬೇಕು. ವಾಸನೆಯಿದ್ದರೆ ಬೆಚ್ಚನೆಯ ನೀರಿಗೆ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿಡಿ. ನಂತರ ಬಾಯಿ ತೆರೆದು ತಲೆಕೆಳಗಾಗಿ ತೂಗುಹಾಕಿ. ಮಳೆಗಾಲದಲ್ಲಿ ಒಣಗದಿದ್ದರೆ ನೀರು ಬಸಿದು ಫ್ರೀಜರಿನಲ್ಲಿಡಿ. ಅಲ್ಲಿ ಸೂಕ್ಷ್ಮಜೀವಿಗಳೆಲ್ಲ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಉಜ್ಜಿದರೂ ಬೂಷ್ಟು ಬಿಡದ ಕೊಳವೆಯನ್ನು ಎಸೆದುಬಿಡಿ.