392 ಜನ, 90 ಲಕ್ಷ ಮಾತ್ರೆ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮಿಂಗೋ ಕೌಂಟಿಯಲ್ಲಿ ಕರ್ಮಿಟ್ ಎಂಬ ಊರಿದೆ. ಸುತ್ತ ಕಾಡು ತುಂಬಿದ ಗುಡ್ಡಗಳು, ನಡುವೆ ಟಗ್ ಫೋರ್ಕ್ ಹೊಳೆ, ಹೊಳೆಯ ಮಗ್ಗುಲಿಗೆ ಕಲ್ಲಿದ್ದಲು ಸಾಗಿಸುವ ರೈಲುಹಳಿ, ಅದಕ್ಕೆ ಅಂಟಿಕೊಂಡು ಊರು. ಹೊಳೆ ದಾಟಿದರೆ ಕೆಂಟಕಿ ರಾಜ್ಯ. ಆಗಿನ ಜನಸಂಖ್ಯೆ 392. ಈ ಊರಿನ ಒಂದೇ ಒಂದು ಔಷಧದಂಗಡಿಗೆ ಎರಡು ವರ್ಷಗಳಲ್ಲಿ ಬಂದಿಳಿದ ಹೈಡ್ರೊಕೋಡೋನ್ ಮಾತ್ರೆಗಳು ಸುಮಾರು 90 ಲಕ್ಷ.

ಹೈಡ್ರೊಕೋಡೋನ್ ಅಫೀಮಿನ ಕುಲಕ್ಕೆ ಸೇರಿದ ನೋವಿನ ಮಾತ್ರೆ. ಹಲ್ಲು ಕೀಳಿಸಿಕೊಂಡವರಿಗೆ, ಮೂಳೆ ಮುರಿದವರಿಗೆ ಕೆಲವು ದಿನಗಳ ಮಟ್ಟಿಗೆ ವೈದ್ಯರು ಬರೆದುಕೊಡುವಂಥದ್ದು. ಈಗ ಭಾಗಾಕಾರ ಮಾಡಿ ನೋಡಿ. ತಲೆಗೆ ಹತ್ತಿರ ಹತ್ತಿರ 23,000 ಮಾತ್ರೆ. ತೊಟ್ಟಿಲ ಕೂಸನ್ನೂ ಹಾಸಿಗೆ ಹಿಡಿದ ಅಜ್ಜಿಯನ್ನೂ ಸೇರಿಸಿಕೊಂಡರೂ ದಿನಕ್ಕೆ ಒಬ್ಬೊಬ್ಬರ ಪಾಲಿಗೆ 31. ಅಂಗಡಿ ಒಂದು ದಿನವೂ ರಜೆ ಮಾಡದೆ, ದಿನಕ್ಕೆ ಹತ್ತು ಗಂಟೆ ತೆರೆದಿತ್ತು ಎಂದೇ ಇಟ್ಟುಕೊಳ್ಳೋಣ. ಆಗಲೂ ಮೂರು ಸೆಕೆಂಡಿಗೊಂದು ಮಾತ್ರೆ ಗಲ್ಲಾ ದಾಟಬೇಕು. ನಿಮಿಷಕ್ಕೊಂದರಂತೆ ಹಗಲೂ ರಾತ್ರಿ ಎಣಿಸುತ್ತ ಕೂತವರಿಗೆ ಎಣಿಕೆ ಮುಗಿಯುವಾಗ 17 ವರ್ಷ ಕಳೆದಿರುತ್ತದೆ. ಅಮೆರಿಕದ ಒಂದು ಸಾಮಾನ್ಯ ಔಷಧದಂಗಡಿ 2006ರಲ್ಲಿ ತರಿಸುತ್ತಿದ್ದ ಹೈಡ್ರೊಕೋಡೋನ್ ವರ್ಷಕ್ಕೆ ಒಂದು ಲಕ್ಷ ಮಾತ್ರೆಯೊಳಗೆ. ಕರ್ಮಿಟ್‌ನ ಅಂಗಡಿ ಆ ವರ್ಷ ತರಿಸಿದ್ದು ಸುಮಾರು 32 ಲಕ್ಷ. ಇಡೀ ದೇಶದ ಪಟ್ಟಿಯಲ್ಲಿ ಅದಕ್ಕೆ 22ನೇ ಸ್ಥಾನ. ನ್ಯೂಯಾರ್ಕ್, ಷಿಕಾಗೋಗಳಿರುವ ದೇಶದಲ್ಲಿ!

ಅಷ್ಟನ್ನೂ ಊರವರೇ ನುಂಗಲಿಲ್ಲ. ಕೆಂಟಕಿಯಿಂದ, ಒಹಾಯೋದಿಂದ ಕಾರುಗಳು ಬಂದು ಸಾಲುಗಟ್ಟುತ್ತಿದ್ದವು. ರೋಗಿಯನ್ನು ಮುಟ್ಟಿಯೂ ನೋಡದೆ ನಗದು ಪಡೆದು ಚೀಟಿ ಬರೆದುಕೊಡುವ ದವಾಖಾನೆಗಳು ಅಕ್ಕಪಕ್ಕದಲ್ಲೇ ಇದ್ದವು. 2009ರಲ್ಲಿ ಕೇಂದ್ರ ಸರ್ಕಾರದ ತನಿಖಾಧಿಕಾರಿಗಳು ಅಂಗಡಿಯ ಮೇಲೆ ದಾಳಿ ಮಾಡಿದರು. ಮಾಲೀಕ ತಪ್ಪೊಪ್ಪಿಕೊಂಡ. ಅವನಿಗಾದ ಸೆರೆವಾಸ ಆರು ತಿಂಗಳು. 90 ಲಕ್ಷವನ್ನು ಆ ಆರು ತಿಂಗಳಿಗೆ ಹಂಚಿದರೆ ಒಂದು ದಿನದ ಸೆರೆಗೆ 50,000 ಮಾತ್ರೆ.

ಕರ್ಮಿಟ್ ಒಂದೇ ಹೀಗಿದ್ದಿದ್ದರೆ ಎಲ್ಲೋ ಒಂದು ಕಡೆ ನಡೆದ ಅನಾಚಾರ ಎಂದು ಬಿಟ್ಟುಬಿಡಬಹುದಿತ್ತು. ಅದೇ ಕೌಂಟಿಯ ಮುಖ್ಯ ಪಟ್ಟಣ ವಿಲಿಯಮ್‌ಸನ್. ಅಲ್ಲಿ ಮೂರು ಸಾವಿರದಷ್ಟು ಜನ. ನಾಲ್ಕು ಬೀದಿಗಳ ಅಂತರದಲ್ಲಿದ್ದ ಎರಡು ಅಂಗಡಿಗಳಿಗೆ 2006ರಿಂದ 2016ರವರೆಗೆ ಬಂದದ್ದು 2 ಕೋಟಿ 8 ಲಕ್ಷ ಮಾತ್ರೆ. ಇದು ಅಮೆರಿಕದ ಸಂಸತ್ತಿನ ಸಮಿತಿಯೇ 2018ರಲ್ಲಿ ಬಯಲಿಗಿಟ್ಟ ಲೆಕ್ಕ. ಇನ್ನು ಇಡೀ ವೆಸ್ಟ್ ವರ್ಜೀನಿಯಾ: ನಮ್ಮ ಮಂಡ್ಯ ಜಿಲ್ಲೆಯಲ್ಲಿರುವಷ್ಟೇ ಜನ ಇರುವ ರಾಜ್ಯ. 2007ರಿಂದ 2012ರವರೆಗಿನ ಆರು ವರ್ಷಗಳಲ್ಲಿ ಅಲ್ಲಿಗೆ ಹೋದ ಹೈಡ್ರೊಕೋಡೋನ್ ಮತ್ತು ಅದೇ ಕುಲದ ಆಕ್ಸಿಕೋಡೋನ್ ಮಾತ್ರೆಗಳು 78 ಕೋಟಿ, ತಲೆಗೆ 433. ಆ ಆರು ವರ್ಷಗಳಲ್ಲಿ ಈ ಎರಡೇ ಔಷಧ ಮಿತಿಮೀರಿ ಸತ್ತವರು 1,728. ಐದು ದಿನಕ್ಕೆ ನಾಲ್ಕು ಹೆಣ.

ಈ ಗುಡ್ಡಗಾಡೇ ಏಕೆ ಎಂದು ಕೇಳಿದರೆ ಉತ್ತರ ನೆಲದಡಿಯ ಕಲ್ಲಿದ್ದಲಿನಲ್ಲಿದೆ. ಮೂರ್ನಾಲ್ಕು ಅಡಿ ಎತ್ತರದ ಸುರಂಗದಲ್ಲಿ ಮೊಣಕಾಲೂರಿ, ಬೆನ್ನು ಬಗ್ಗಿಸಿ ಪಾಳಿ ಮುಗಿಸುವವರಿಗೆ ಸೊಂಟನೋವು ಹುಟ್ಟಿನಿಂದ ಬಂದ ಮಚ್ಚೆಯ ಹಾಗೆ. ನೋವೆಂದು ಮನೆಯಲ್ಲಿ ಕೂತರೆ ಆ ದಿನದ ಕೂಲಿ ಇಲ್ಲ. 1950ರ ಸುಮಾರಿಗೆ ಆ ರಾಜ್ಯದ ಗಣಿಗಳಲ್ಲಿ ಲಕ್ಷಕ್ಕೂ ಮಿಕ್ಕಿ ಕಾರ್ಮಿಕರಿದ್ದರು. ಯಂತ್ರಗಳು ಬಂದವು, ಗಣಿಗಳು ಮುಚ್ಚಿದವು, 2000ದ ಹೊತ್ತಿಗೆ ಉಳಿದವರು 20 ಸಾವಿರಕ್ಕೂ ಕಡಿಮೆ. ನೋವು ಉಳಿಯಿತು, ಕೆಲಸ ಹೋಯಿತು. ಮಾತ್ರೆ ಬಂದದ್ದು ಈ ಎರಡರ ನಡುವಿನ ಬಿರುಕಿಗೆ. ಇದೇ ಮಿಂಗೋ ಕೌಂಟಿಯ ಮೇಟ್‌ವಾನ್ ಪಟ್ಟಣದಲ್ಲಿ 1920ರ ಮೇ 19ರಂದು ಕಾರ್ಮಿಕರ ಕಡೆಯವರಿಗೂ ಗಣಿ ಕಂಪನಿ ಕರೆಸಿದ್ದ ಬಂದೂಕಿನವರಿಗೂ ಗುಂಡಿನ ಕಾಳಗ ನಡೆದು ಹತ್ತು ಜನ ಸತ್ತಿದ್ದರು. ಆ ಹತ್ತು ಸಾವುಗಳನ್ನು ನೂರು ವರ್ಷಗಳಿಂದ ಊರು ನೆನೆಯುತ್ತಿದೆ, ಅದರ ಮೇಲೆ ಚಲನಚಿತ್ರವೂ ಬಂದಿದೆ. ಎದುರಾಳಿ ಕಣ್ಣಿಗೆ ಕಾಣುತ್ತಿದ್ದ, ಆದ್ದರಿಂದ ಅದು ಹೋರಾಟವಾಯಿತು. ಮಾತ್ರೆಯಿಂದ ಬಂದ ಸಾವು ಮನೆಮನೆಯ ಗುಟ್ಟಾಯಿತು, ನಾಚಿಕೆಯಾಯಿತು.

ಈ ಮಾತ್ರೆಗಳು ಅಪಾಯವಲ್ಲ ಎಂಬ ಧೈರ್ಯ ವೈದ್ಯರಿಗೆ ಎಲ್ಲಿಂದ ಬಂತು? 1980ರಲ್ಲಿ ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದ, ಐದೇ ವಾಕ್ಯಗಳ ಒಂದು ಪತ್ರಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ಆಸ್ಪತ್ರೆಯಲ್ಲಿ ದಾಖಲಾಗಿ ಇಂಥ ಔಷಧ ಪಡೆದ 11,882 ರೋಗಿಗಳಲ್ಲಿ ಚಟಕ್ಕೆ ಬಿದ್ದವರು ನಾಲ್ವರು ಮಾತ್ರ ಎಂದು ಅದರಲ್ಲಿತ್ತು. ಆಸ್ಪತ್ರೆಯ ಮಂಚದ ಮೇಲೆ, ನರ್ಸಿನ ಕಣ್ಣೆದುರು ಪಡೆದವರ ಲೆಕ್ಕ ಅದು. ತಿಂಗಳಿಗಾಗುವಷ್ಟು ಮಾತ್ರೆ ಮನೆಗೆ ಒಯ್ದವರ ಲೆಕ್ಕ ಅಲ್ಲ. 2017ರಲ್ಲಿ ಸಂಶೋಧಕರು ಹುಡುಕಿ ನೋಡಿದಾಗ ಆ ಐದು ವಾಕ್ಯಗಳನ್ನು 608 ಕಡೆ ಉಲ್ಲೇಖಿಸಲಾಗಿತ್ತು. ಅವುಗಳಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚಿನವು ಅದನ್ನು ಚಟ ಹತ್ತುವುದು ಅಪರೂಪ ಎಂಬುದಕ್ಕೆ ಸಾಕ್ಷಿಯಾಗಿ ಬಳಸಿದ್ದವು. ಪರ್ಡ್ಯೂ ಫಾರ್ಮಾ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು ಮಾರುಕಟ್ಟೆಗೆ ತಂದದ್ದು ಇದೇ ನಂಬಿಕೆಯನ್ನು ಬಿತ್ತುತ್ತ. ಚಟದ ಅಪಾಯದ ಬಗ್ಗೆ ಜನರ ದಾರಿ ತಪ್ಪಿಸಿದ್ದಾಗಿ ಅದರ ಅಂಗಸಂಸ್ಥೆ 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ದಂಡ ಸುಮಾರು 60 ಕೋಟಿ ಡಾಲರ್.

ನನ್ನನ್ನು ಹೆಚ್ಚು ಕಲಕಿದ ಸಂಗತಿ ಇವ್ಯಾವುವೂ ಅಲ್ಲ. ಮಾತ್ರೆಗಳೆಲ್ಲ ಎಣಿಕೆಯಾಗಿದ್ದವು. ಅಮೆರಿಕದ ಮಾದಕವಸ್ತು ನಿಯಂತ್ರಣ ಇಲಾಖೆಯಲ್ಲಿ ಆರ್ಕೋಸ್ ಎಂಬ ದತ್ತಾಂಶ ಕಣಜವಿದೆ. ಇಂಥ ಮಾತ್ರೆ ಯಾವ ಕಾರ್ಖಾನೆಯಿಂದ ಯಾವ ವಿತರಕನಿಗೆ, ಅಲ್ಲಿಂದ ಯಾವ ಊರಿನ ಯಾವ ಅಂಗಡಿಗೆ, ಯಾವ ದಿನ ಎಷ್ಟು ಹೋಯಿತು ಎಂಬುದು ಕಾನೂನಿನ ಪ್ರಕಾರ ಅದರಲ್ಲಿ ದಾಖಲಾಗುತ್ತದೆ. ಕರ್ಮಿಟ್‌ನ ಮಾತ್ರೆಗಳೂ ದಾಖಲಾಗಿದ್ದವು. ಜನಸಂಖ್ಯೆ ಜನಗಣತಿಯ ಪುಸ್ತಕದಲ್ಲಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಭಾಗಿಸುವ ಕೆಲಸವನ್ನು ಮಾಡಬೇಕಾದವರು ಮಾಡಲಿಲ್ಲ. ಅದನ್ನು ಮಾಡಿದ್ದು ಆ ರಾಜ್ಯದ ರಾಜಧಾನಿಯ ಒಂದು ಸಣ್ಣ ದಿನಪತ್ರಿಕೆ, ಚಾರ್ಲ್‌ಸ್ಟನ್ ಗೆಜೆಟ್-ಮೇಲ್. ಲೆಕ್ಕ ಹೊರಬೀಳದಂತೆ ವಿತರಕ ಕಂಪನಿಗಳು ನ್ಯಾಯಾಲಯದಲ್ಲಿ ಹೋರಾಡಿದವು. ವರದಿಗಾರ ಎರಿಕ್ ಐರ್ ಬಿಡಲಿಲ್ಲ. 2016ರ ಡಿಸೆಂಬರಿನಲ್ಲಿ 78 ಕೋಟಿಯ ಲೆಕ್ಕ ಮುಖಪುಟಕ್ಕೆ ಬಂತು, 2017ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. 2018ರ ಜನವರಿಯಲ್ಲಿ ಪತ್ರಿಕೆ ದಿವಾಳಿ ಅರ್ಜಿ ಹಾಕಿತು.

ಆ ಪತ್ರಿಕೆಯನ್ನು ಕೊಂಡ ಸಂಸ್ಥೆ ಮತ್ತು ವಾಷಿಂಗ್ಟನ್ ಪೋಸ್ಟ್ ಸೇರಿ ಮೊಕದ್ದಮೆ ಗೆದ್ದ ಮೇಲೆ, 2019ರ ಜುಲೈಯಲ್ಲಿ, ಇಡೀ ದೇಶದ ಲೆಕ್ಕ ಹೊರಬಂತು: 2006ರಿಂದ 2012ರವರೆಗೆ 7,600 ಕೋಟಿ ಮಾತ್ರೆ. ಸೆಕೆಂಡಿಗೊಂದರಂತೆ ಎಣಿಸಿದರೆ 2,400 ವರ್ಷ. ಶ್ರವಣಬೆಳಗೊಳಕ್ಕೆ ಬಂದನೆಂದು ಜೈನ ಪರಂಪರೆ ಹೇಳುವ ಚಂದ್ರಗುಪ್ತ ಮೌರ್ಯ ಇನ್ನೂ ಹುಟ್ಟಿರದ ಕಾಲದಲ್ಲಿ ಎಣಿಸಲು ಕೂತವರು ಇವತ್ತಿಗೆ ಮುಗಿಸುತ್ತಿದ್ದರು.

ಇಷ್ಟು ದೊಡ್ಡ ಸಂಖ್ಯೆಗಳಿಗೆ ಒಂದು ದೋಷವಿದೆ, ಅವು ಮುಖಗಳನ್ನು ಅಳಿಸಿಬಿಡುತ್ತವೆ. ಸಣ್ಣ ಊರಿನಲ್ಲಿ ಮುಖ ಅಳಿಸುವುದಿಲ್ಲ. ಮಾತ್ರೆಗಾಗಿ ಕದ್ದ ಹುಡುಗ, ಕಳೆದುಕೊಂಡ ಅಂಗಡಿಯಾತ, ಹಿಡಿದ ಪೊಲೀಸ್, ಮೂವರೂ ಒಂದೇ ಶಾಲೆಯಲ್ಲಿ ಕಲಿತವರು. ಆಂಬುಲೆನ್ಸಿನಲ್ಲಿ ಬಂದಾತ ಎದೆ ಒತ್ತುವುದು ತನ್ನ ಸೋದರತ್ತೆಯ ಮಗಳಿಗೇ ಇರಬಹುದು. ಮಗ ಜೈಲಿನಲ್ಲಿ, ಸೊಸೆ ಮಣ್ಣಿನಲ್ಲಿ, ಮೊಮ್ಮಕ್ಕಳಿಗೆ ಬುತ್ತಿ ಕಟ್ಟುವುದು ಎಪ್ಪತ್ತರ ಅಜ್ಜಿ: ಆ ಗುಡ್ಡಗಳಲ್ಲಿ ಇಂಥ ಮನೆಗಳು ಸಾಲುಸಾಲು. 2017ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 50 ಶಿಶುಗಳು ತಾಯಿಯ ರಕ್ತದಿಂದ ಬಂದ ಮಾದಕದ ಅವಲಂಬನೆಯೊಂದಿಗೇ ಹುಟ್ಟಿದವು. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಆ ಕೂಸಿಗೆ ಔಷಧ ನಿಂತಂತೆ. ನಡುಕ, ಸೆಟೆತ, ಎಷ್ಟು ಎತ್ತಿಕೊಂಡರೂ ನಿಲ್ಲದ ಕೀರಲು ಅಳು.

ಸರ್ಕಾರ ಬಿಗಿ ಮಾಡಿದಾಗ ಮಾತ್ರೆ ಸಿಗುವುದು ಕಡಿಮೆಯಾಯಿತು. ಆದರೆ ಮಿದುಳು ಕೇಳುವುದು ನಿಲ್ಲಲಿಲ್ಲ. ಈ ಔಷಧಗಳ ಸ್ವಭಾವವೇ ಹಾಗೆ. ನಿನ್ನೆ ಒಂದಕ್ಕೆ ಸಿಕ್ಕ ನೆಮ್ಮದಿಗೆ ಇವತ್ತು ಎರಡು ಬೇಕು, ಬಿಟ್ಟರೆ ಮೈಯೆಲ್ಲ ಮುರಿದು ಹಿಂಡುತ್ತದೆ. ಜನ ಹೆರಾಯಿನ್‌ಗೆ ಹೋದರು, ಹೆರಾಯಿನ್‌ನಲ್ಲಿ ಫೆಂಟನಿಲ್ ಬೆರೆಯಿತು. ಫೆಂಟನಿಲ್ ಎರಡು ಮಿಲಿಗ್ರಾಂ, ಅಂದರೆ ಉಪ್ಪಿನ ಹತ್ತು ಹದಿನೈದು ಹರಳಿನಷ್ಟು, ಒಬ್ಬರನ್ನು ಕೊಲ್ಲಬಲ್ಲದು. ಒಂದು ಕಿಲೋದಲ್ಲಿ ಐದು ಲಕ್ಷ ಸಾವುಗಳಿವೆ. ಅದರ ಅಣ್ಣ ಕಾರ್ಫೆಂಟನಿಲ್ ಆನೆಗಳನ್ನು ಮಲಗಿಸಲು ಬಳಸುವ ಔಷಧ. 2016ರ ಆಗಸ್ಟ್ 15ರ ಮಧ್ಯಾಹ್ನ, ಅದೇ ರಾಜ್ಯದ ಹಂಟಿಂಗ್‌ಟನ್ ಪಟ್ಟಣದಲ್ಲಿ ನಾಲ್ಕೈದು ಗಂಟೆಗಳ ಒಳಗೆ 26 ಜನ ಉಸಿರು ನಿಂತು ಬಿದ್ದರು. ಆಗ ಸುಮಾರು 49 ಸಾವಿರ ಜನರಿದ್ದ ಊರು ಅದು. ಮಿದುಳಿನಲ್ಲಿ ಉಸಿರಾಟ ನಡೆಸುವ ಭಾಗವನ್ನೇ ಈ ವಿಷ ಮಲಗಿಸುತ್ತದೆ. ಅದನ್ನು ಅಲ್ಲಿಂದ ತಳ್ಳಿಹಾಕುವ ನಲಾಕ್ಸೋನ್ ಎಂಬ ಔಷಧ ಕೈಯಲ್ಲಿದ್ದುದರಿಂದ ಹೆಚ್ಚಿನವರು ಉಳಿದರು.

ಹಂಟಿಂಗ್‌ಟನ್ ಆಮೇಲೆ ಮಾಡಿದ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಎಣಿಕೆಯನ್ನು ಅದು ಕಡತದಲ್ಲಿ ಮಲಗಲು ಬಿಡಲಿಲ್ಲ, ವಿಳಾಸಪಟ್ಟಿ ಮಾಡಿಕೊಂಡಿತು. 2017ರ ಕೊನೆಯಲ್ಲಿ ಒಂದು ತಂಡ ಕಟ್ಟಿದರು: ಆಂಬುಲೆನ್ಸಿನ ಸಿಬ್ಬಂದಿ ಒಬ್ಬರು, ಪೊಲೀಸ್ ಒಬ್ಬರು, ಚಟ ಬಿಡಿಸುವ ಆಪ್ತಸಲಹೆಗಾರರು, ಚರ್ಚಿನವರು. ಮಿತಿಮೀರಿ ಸೇವಿಸಿ ಬದುಕುಳಿದವರ ಮನೆ ಬಾಗಿಲನ್ನು 72 ಗಂಟೆಯೊಳಗೆ ತಟ್ಟುವುದು, ಬೈಯದೆ ಮಾತನಾಡುವುದು, ಒಪ್ಪಿದರೆ ಚಿಕಿತ್ಸೆಗೆ ಕರೆದೊಯ್ಯುವುದು. ಆ ಪಟ್ಟಣವಿರುವ ಕ್ಯಾಬೆಲ್ ಕೌಂಟಿಯಲ್ಲಿ 2017ರಲ್ಲಿ ಇಂಥ 1,831 ಘಟನೆಗಳು ನಡೆದಿದ್ದವು. 2018ರಲ್ಲಿ 1,089. ಯುದ್ಧ ಮುಗಿಯಲಿಲ್ಲ, ಕೋವಿಡ್ ಕಾಲದಲ್ಲಿ ಸಾವು ಮತ್ತೆ ಏರಿತು. ಆದರೂ ಒಂದೇ ವರ್ಷದಲ್ಲಿ 742 ಸಲ ಆಂಬುಲೆನ್ಸ್ ಹೊರಡಬೇಕಾಗಲಿಲ್ಲ.

ಇದನ್ನು ಬರೆಯುತ್ತ ನಮ್ಮ ಲೆಕ್ಕವನ್ನು ನೋಡದಿರಲು ನನ್ನಿಂದಾಗಲಿಲ್ಲ. ನಮ್ಮಲ್ಲಿ ಮಾತ್ರೆಯ ಜಾಗದಲ್ಲಿ ಇರುವುದು ಹೆಂಡ. 2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ಸಂಸ್ಥೆ ನಡೆಸಿದ ಸಮೀಕ್ಷೆಯ ವರದಿ ಬಂತು: ದೇಶದಲ್ಲಿ 16 ಕೋಟಿ ಕುಡಿಯುವವರು, ಅವರಲ್ಲಿ 5.7 ಕೋಟಿ ಜನಕ್ಕೆ ಕುಡಿತದ ತೊಂದರೆಗೆ ನೆರವು ಬೇಕು. ಕರ್ನಾಟಕದ 2025-26ರ ಬಜೆಟ್ಟು ಅಬಕಾರಿಯಿಂದ ಗುರಿಯಿಟ್ಟ ಆದಾಯ 40,000 ಕೋಟಿ ರೂಪಾಯಿ. ನಿಮಿಷಕ್ಕೆ ಏಳೂವರೆ ಲಕ್ಷಕ್ಕೂ ಹೆಚ್ಚು. ನೀವು ಈ ಬರಹ ಓದಿ ಮುಗಿಸುವ ಹೊತ್ತಿಗೆ ಅರ್ಧ ಕೋಟಿ ದಾಟಿರುತ್ತದೆ. 2007ರ ಜುಲೈಯಲ್ಲಿ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಬಂದರು. ದಾರಿಯಲ್ಲಿ ಒಬ್ಬಾಕೆ ಅಪಘಾತದಲ್ಲಿ ತೀರಿಕೊಂಡರು. ಕೂಲಿಯ ದುಡ್ಡು ಸಂಜೆಯ ಹೊತ್ತಿಗೆ ಎಲ್ಲಿ ಕರಗುತ್ತದೆ ಎಂಬ ಲೆಕ್ಕ ಅವರ ಬಾಯಲ್ಲೇ ಇತ್ತು.

ಯಾವ ತಾಲ್ಲೂಕಿನ ಯಾವ ಅಂಗಡಿಗೆ ಎಷ್ಟು ಪೆಟ್ಟಿಗೆ ಮದ್ಯ ಹೋಯಿತು ಎಂಬುದು ನಮ್ಮ ರಾಜ್ಯದ ಪಾನೀಯ ನಿಗಮದ ಬಿಲ್ಲುಗಳಲ್ಲಿದೆ. ಆ ಲೆಕ್ಕ ಆದಾಯವಾಗಿ ಹಣಕಾಸು ಇಲಾಖೆಗೆ ಹೋಗುತ್ತದೆ. ಅದರ ಒಂದು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಯ ಮೇಜಿಗೂ ಹೋಗಲಿ. ಜನಸಂಖ್ಯೆಯ ಪಕ್ಕದಲ್ಲಿಟ್ಟು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಅತಿ ಹೆಚ್ಚು ಪೆಟ್ಟಿಗೆ ಇಳಿದ ಊರಿಗೆ ಮೊದಲ ಆಪ್ತಸಲಹೆಗಾರರನ್ನು ನೇಮಿಸಲಿ, ಸಂಬಳ ಆ 40,000 ಕೋಟಿಯಿಂದಲೇ ಬರಲಿ.