ಕರೆ ಬಂದಿತು, ಧ್ವನಿ ಬರಲಿಲ್ಲ

‘ಟ್ರಂಕ್ ಕಾಲ್’ ಎಂಬ ಮಾತು ನಮ್ಮ ಹಿರಿಯರಿಗೆ ಚಿರಪರಿಚಿತವಾದುದು. ಪರಸ್ಥಳದವರೊಡನೆ ಮಾತನಾಡಬೇಕಾದರೆ ಎಕ್ಸ್‌ಚೇಂಜಿಗೆ ತಿಳಿಸಿ, ಸರದಿ ಬರುವವರೆಗೆ ಕಾದು ಕುಳಿತಿರಬೇಕಾಗಿದ್ದಿತು. 1960ರಲ್ಲಿ ಲಕ್ನೋ ಮತ್ತು ಕಾನ್ಪುರಗಳ ನಡುವೆ ಚಂದಾದಾರರೇ ಸಂಖ್ಯೆಯನ್ನು ತಿರುಗಿಸಿ ನೇರವಾಗಿ ಮಾತನಾಡುವ ಏರ್ಪಾಡು ನಮ್ಮ ದೇಶದಲ್ಲಿ ಮೊದಲಾಯಿತು. ಕ್ರಮೇಣ ಟ್ರಂಕ್ ಕಾಲ್ ಮರೆಯಾಯಿತು. ಆದರೆ ‘ಟ್ರಂಕ್’ ಎಂಬ ಪದ ಉಳಿದುಕೊಂಡಿದೆ. ಮರದ ಬೊಡ್ಡೆ ಎಂಬುದು ಅದರ ಒಂದು ಅರ್ಥ. ಕಚೇರಿಯ ಮೇಜುಗಳ ಮೇಲಿರುವ ಟೆಲಿಫೋನುಗಳನ್ನು ಕೊಂಬೆಗಳೆಂದು ಭಾವಿಸಿದರೆ, ಅವೆಲ್ಲವನ್ನೂ ಹೊರಜಗತ್ತಿಗೆ ಸೇರಿಸುವ ದಾರಿಯೇ ಟ್ರಂಕ್. ಈ ದಾರಿ ಈಗ ತಾಮ್ರದ ತಂತಿಯನ್ನು ಬಿಟ್ಟು ಅಂತರಜಾಲವನ್ನು ಆಶ್ರಯಿಸತೊಡಗಿದೆ. ಆ ಹೊಸ ರೂಪಕ್ಕೆ ‘ಸಿಪ್ ಟ್ರಂಕ್’ ಎಂದು ಹೆಸರು. ಅದು ಕೆಲಸ ಮಾಡುವ ಬಗೆ ಹೇಗೆ, ಅದನ್ನು ಅಳವಡಿಸುವಾಗ ಯಾವ ಎಚ್ಚರಿಕೆ ಬೇಕು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ನಮ್ಮ ಕಾಲೇಜಿನಲ್ಲಿ ಹಳೆಯ ಟೆಲಿಫೋನ್ ವ್ಯವಸ್ಥೆಯನ್ನು ತೆಗೆದು ಹೊಸದನ್ನು ಕೂಡಿಸಿದ ಮೊದಲ ವಾರದಲ್ಲಿ ನಡೆದ ಸಂಗತಿ ಇದು. ಒಂದು ರಾತ್ರಿ ವಿದ್ಯಾರ್ಥಿನಿಲಯದ ಫೋನಿನ ಗಂಟೆ ಬಾರಿಸಿತು. ಮೇಲ್ವಿಚಾರಕರು ಎತ್ತಿಕೊಂಡು ‘ಹಲೋ, ಯಾರು ಮಾತನಾಡುವುದು?’ ಎಂದು ಕೇಳಿದರು. ಉತ್ತರವಿಲ್ಲ. ಮೂರು ಸಲ ಹೀಗೆಯೇ ಆಯಿತು. ಯಾರೋ ಕೀಟಲೆ ಮಾಡುತ್ತಿರಬೇಕೆಂದು ಅವರು ಮಲಗಿದರು. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಒಬ್ಬ ವಿದ್ಯಾರ್ಥಿಯ ತಾಯಿ ಬಂದಿಳಿದರು. ಮಗನಿಗೆ ಜ್ವರವೆಂದು ತಿಳಿದು ಅವರು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ‘ನೀವು ಹಲೋ ಹಲೋ ಅಂದದ್ದು ನನಗೆ ಚೆನ್ನಾಗಿ ಕೇಳಿಸ್ತು ಸ್ವಾಮಿ, ನಾನು ಎಷ್ಟು ಕೂಗಿದರೂ ನಿಮಗೆ ಕೇಳಿಸಲಿಲ್ಲವಲ್ಲ’ ಎಂದು ಅವರು ಕಣ್ಣೊರೆಸಿಕೊಂಡರು. ಪುಣ್ಯಕ್ಕೆ ಹುಡುಗನ ಜ್ವರ ಇಳಿದಿದ್ದಿತು. ವಿದ್ಯುತ್ತಿಗೆ ಸಂಬಂಧಪಟ್ಟುದೆಲ್ಲವೂ ಭೌತವಿಜ್ಞಾನದವರಿಗೆ ತಿಳಿದಿರಲೇಬೇಕೆಂಬ ನಂಬಿಕೆ ಕಾಲೇಜುಗಳಲ್ಲಿ ಬಲವಾಗಿರುವುದರಿಂದ, ದೋಷವನ್ನು ಹುಡುಕುವ ಕೆಲಸ ನಮ್ಮ ಪಾಲಿಗೆ ಬಂದಿತು.

ಗಂಟೆ ಬಾರಿಸಿದ ಮೇಲೆ ಧ್ವನಿಯೇಕೆ ಬರಲಿಲ್ಲ? ಒಂದು ಕಡೆಯ ಮಾತು ಮಾತ್ರ ಕಳೆದುಹೋಗುವುದು ಹೇಗೆ? ಇದಕ್ಕೆ ಉತ್ತರ ಹೇಳಬೇಕಾದರೆ ಹಳೆಯ ಪದ್ಧತಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯಬೇಕು.

ಧ್ವನಿ ಸಂಖ್ಯೆಯಾದುದು

ಹಳೆಯ ಟೆಲಿಫೋನಿನಲ್ಲಿ ಒಂದು ಜೊತೆ ತಾಮ್ರದ ತಂತಿ ಇದ್ದಿತು. ಗಂಟೆಯನ್ನು ಬಾರಿಸುವ ವಿದ್ಯುತ್ತೂ ಮಾತನ್ನು ಒಯ್ಯುವ ವಿದ್ಯುತ್ತೂ ಅದರಲ್ಲಿಯೇ ಹರಿಯುತ್ತಿದ್ದುವು. ಗಂಟೆ ಬಾರಿಸಿತೆಂದರೆ ತಂತಿ ಸರಿಯಾಗಿದೆ ಎಂದೇ ಅರ್ಥ.

ಮುಂದೆ ಧ್ವನಿಯನ್ನು ಸಂಖ್ಯೆಗಳನ್ನಾಗಿ ಮಾರ್ಪಡಿಸಿ ಕಳುಹಿಸುವ ವಿಧಾನ ಬಂದಿತು. ಇದರ ಮೂಲ ಕಲ್ಪನೆ ಅಲೆಕ್ ರೀವ್ಸ್ ಎಂಬ ಬ್ರಿಟಿಷ್ ಎಂಜಿನಿಯರಿಗೆ 1937ರಲ್ಲಿ, ಪ್ಯಾರಿಸ್ಸಿನಲ್ಲಿ ಹೊಳೆಯಿತು. ಮಾತಿನ ತರಂಗವನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 8 ದ್ವಿಮಾನ ಅಂಕಗಳಲ್ಲಿ, ಎಂದರೆ ಬಿಟ್‌ಗಳಲ್ಲಿ, ಬರೆಯಲಾಗುತ್ತದೆ. 8,000 ಮತ್ತು 8ರ ಗುಣಲಬ್ಧ 64,000. ಒಂದು ಧ್ವನಿಗೆ ಸೆಕೆಂಡಿಗೆ ಇಷ್ಟು ಬಿಟ್‌ಗಳು ಬೇಕು. ದೊಡ್ಡ ಕಚೇರಿಗಳು ಬಾಡಿಗೆಗೆ ಪಡೆಯುತ್ತಿದ್ದ ‘ಪಿ.ಆರ್.ಐ.’ ಲೈನಿನಲ್ಲಿ ಇಂತಹ 32 ಕಾಲಖಂಡಗಳಿರುತ್ತವೆ. ಅವುಗಳಲ್ಲಿ 30 ಮಾತಿಗೆ, ಒಂದು ಕರೆಯ ಸೂಚನೆಗಳಿಗೆ, ಒಂದು ಎರಡು ಕಡೆಯ ಯಂತ್ರಗಳ ತಾಳವನ್ನು ಹೊಂದಿಸುವುದಕ್ಕೆ. ಇಲ್ಲಿ ಸೂಚನೆಯೂ ಮಾತೂ ಬೇರೆ ಬೇರೆ ಖಂಡಗಳಲ್ಲಿದ್ದರೂ ಸಾಗುವ ದಾರಿ ಒಂದೇ.

ಸಿಪ್ ಟ್ರಂಕಿನಲ್ಲಿ ಈ ಜೊತೆಪಯಣ ತಪ್ಪಿಹೋಗುತ್ತದೆ. 20 ಮಿಲಿಸೆಕೆಂಡುಗಳಷ್ಟು ಮಾತನ್ನು ಒಂದು ಪೊಟ್ಟಣವಾಗಿ ಕಟ್ಟಿ, ಮೇಲೆ ವಿಳಾಸ ಬರೆದು, ಅಂತರಜಾಲಕ್ಕೆ ಒಪ್ಪಿಸುತ್ತಾರೆ. ಸೆಕೆಂಡಿಗೆ 50 ಪೊಟ್ಟಣಗಳು. ಪ್ರತಿಯೊಂದರಲ್ಲಿ 160 ಬೈಟ್ ಮಾತು, 40 ಬೈಟ್ ವಿಳಾಸ ಮುಂತಾದ ಬರಹ. ಈ ಹೆಚ್ಚುವರಿ ಬರಹದಿಂದಾಗಿ 64,000 ಬಿಟ್‌ಗಳ ಮಾತು 80,000 ಬಿಟ್‌ಗಳ ಹೊರೆಯಾಗುತ್ತದೆ.

ಪತ್ರವೊಂದು, ಮೂಟೆಯೊಂದು

ಹಾಗಾದರೆ ಸಿಪ್ ಎಂಬುದೇನು? ‘ಸೆಷನ್ ಇನಿಶಿಯೇಷನ್ ಪ್ರೊಟೊಕಾಲ್’ ಎಂಬುದರ ಹ್ರಸ್ವರೂಪ ಅದು. ಸಂಭಾಷಣೆಯನ್ನು ಆರಂಭಿಸುವ ನಿಯಮಾವಳಿ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಇದು 1999ರಲ್ಲಿ ಮೊದಲು ಪ್ರಕಟವಾಗಿ, 2002ರಲ್ಲಿ ಪರಿಷ್ಕೃತವಾಯಿತು. ಹೆಸರೇ ಸೂಚಿಸುವಂತೆ ಸಿಪ್ ಮಾತನ್ನು ಒಯ್ಯುವುದಿಲ್ಲ. ಮಾತಿಗೆ ಮುಂಚಿನ ಒಪ್ಪಂದವನ್ನೂ ಕೊನೆಯ ಬೀಳ್ಕೊಡುಗೆಯನ್ನೂ ಮಾತ್ರ ನಡೆಸುತ್ತದೆ.

ಅದರ ಕ್ರಮ ಬಹಳ ಸರಳ. ಕರೆಯುವ ಯಂತ್ರ ‘ಇನ್‌ವೈಟ್’ ಎಂಬ ಆಹ್ವಾನಪತ್ರವನ್ನು ಕಳುಹಿಸುತ್ತದೆ. ‘ಪ್ರಯತ್ನಿಸುತ್ತಿದ್ದೇನೆ’ ಎಂಬುದಕ್ಕೆ 100, ‘ಗಂಟೆ ಬಾರಿಸುತ್ತಿದೆ’ ಎಂಬುದಕ್ಕೆ 180, ‘ಒಪ್ಪಿಗೆ’ ಎಂಬುದಕ್ಕೆ 200 ಎಂಬ ಸಂಖ್ಯೆಗಳಿಂದ ಆ ಕಡೆಯ ಯಂತ್ರ ಉತ್ತರಿಸುತ್ತದೆ. ಒಪ್ಪಿಗೆ ತಲಪಿತೆಂದು ಮೊದಲನೆಯ ಯಂತ್ರ ತಿಳಿಸಿದೊಡನೆ ಸಂಭಾಷಣೆ ಪ್ರಾರಂಭ. ಮುಗಿದಾಗ ‘ಬೈ’ ಎಂಬ ಸಂದೇಶ.

ಆಹ್ವಾನಪತ್ರದ ಒಳಗೆ ಒಂದು ಮುಖ್ಯವಾದ ಚೀಟಿ ಇರುತ್ತದೆ. ‘ನಿಮ್ಮ ಧ್ವನಿಯ ಪೊಟ್ಟಣಗಳನ್ನು ಈ ವಿಳಾಸಕ್ಕೆ, ಈ ಬಾಗಿಲಿಗೆ ಕಳುಹಿಸಿ, ಮಾತನ್ನು ಸಂಖ್ಯೆಯಾಗಿಸುವ ಇಂತಿಂತಹ ವಿಧಾನಗಳು ನಮಗೆ ಬರುತ್ತವೆ’ ಎಂದು ಅದರಲ್ಲಿ ಬರೆದಿರುತ್ತದೆ. ಒಪ್ಪಿಗೆಯ ಪತ್ರದಲ್ಲಿಯೂ ಅಂತಹುದೇ ಚೀಟಿ. ಅನಂತರ ಧ್ವನಿಯ ಪೊಟ್ಟಣಗಳು ‘ಆರ್.ಟಿ.ಪಿ.’ ಎಂಬ ಬೇರೊಂದು ನಿಯಮಕ್ಕೆ ಅನುಸಾರವಾಗಿ, ಬೇರೊಂದು ಬಾಗಿಲಿನಿಂದ ಓಡಾಡುತ್ತವೆ. ಪತ್ರ ಅಂಚೆಯಲ್ಲಿ ಬಂದು, ಮೂಟೆ ಲಾರಿಯಲ್ಲಿ ಬರುವಂತೆ ಇದು. ಪತ್ರ ಬಂದ ಮಾತ್ರಕ್ಕೆ ಮೂಟೆಯೂ ಬರುವುದೆಂಬ ಭರವಸೆಯಿಲ್ಲ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಆದುದೂ ಇದೇ.

ವಠಾರದ ವಿಳಾಸ

ದೊಡ್ಡ ವಠಾರವೊಂದನ್ನು ಊಹಿಸಿಕೊಳ್ಳೋಣ. ಹೊರಗಿನವರಿಗೆ ತಿಳಿದಿರುವುದು ವಠಾರದ ಒಂದೇ ವಿಳಾಸ. ಒಳಗಿನ ಮನೆಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆಗಳಿವೆ. ಅಂತಹವೇ ಸಂಖ್ಯೆಗಳು ಊರಿನ ಎಲ್ಲ ವಠಾರಗಳಲ್ಲಿಯೂ ಇವೆ. ಮೂರನೆಯ ಮನೆಯವರು ಪರವೂರಿಗೆ ಪತ್ರ ಬರೆದಾಗ, ಬಾಗಿಲಲ್ಲಿರುವ ಕಾವಲುಗಾರ ಲಕೋಟೆಯ ಮೇಲೆ ವಠಾರದ ವಿಳಾಸವನ್ನು ಬರೆದು ಕಳುಹಿಸುತ್ತಾನೆ. ಆದುದರಿಂದ ಪತ್ರಕ್ಕೆ ಉತ್ತರ ಸರಿಯಾಗಿ ಬರುತ್ತದೆ. ಆದರೆ ಪತ್ರದ ಒಳಗೆ ‘ಅಕ್ಕಿಯ ಮೂಟೆಯನ್ನು ಮೂರನೆಯ ಮನೆಗೆ ಕಳುಹಿಸಿರಿ’ ಎಂದಷ್ಟೇ ಬರೆದಿದ್ದರೆ? ಮೂಟೆ ಹೊರಡುತ್ತದೆ, ಎಲ್ಲಿಗೂ ಸೇರುವುದಿಲ್ಲ.

ಕಚೇರಿಯೊಳಗಿನ ಯಂತ್ರಗಳಿಗೆ 192.168 ಎಂದು ಮೊದಲಾಗುವ ಖಾಸಗಿ ವಿಳಾಸಗಳನ್ನು ಕೊಡುವುದು ವಾಡಿಕೆ. ಲಕ್ಷಾಂತರ ಕಚೇರಿಗಳಲ್ಲಿ ಇವೇ ವಿಳಾಸಗಳಿರುವುದರಿಂದ ಹೊರಗಿನ ಅಂತರಜಾಲದಲ್ಲಿ ಇವಕ್ಕೆ ಬೆಲೆಯಿಲ್ಲ. ಕಾವಲುಗಾರನ ಕೆಲಸವನ್ನು ರೌಟರ್ ಎಂಬ ಯಂತ್ರ ಮಾಡುತ್ತದೆ. ಲಕೋಟೆಯ ಮೇಲಿನ ವಿಳಾಸವನ್ನು ಅದು ಬದಲಾಯಿಸುತ್ತದೆ. ಒಳಗಿನ ಚೀಟಿಯನ್ನು ಮುಟ್ಟುವುದಿಲ್ಲ. ನಮ್ಮ ಟೆಲಿಫೋನ್ ವ್ಯವಸ್ಥೆಯ ಹೃದಯವಾದ ಪಿ.ಬಿ.ಎಕ್ಸ್. ಯಂತ್ರ ತನ್ನ ಚೀಟಿಯಲ್ಲಿ ಖಾಸಗಿ ವಿಳಾಸವನ್ನೇ ಬರೆದು ಕಳುಹಿಸುತ್ತಿದ್ದಿತು. ಮೇಲ್ವಿಚಾರಕರ ಧ್ವನಿ ಟೆಲಿಫೋನ್ ಕಂಪನಿಯ ಸಾರ್ವಜನಿಕ ವಿಳಾಸಕ್ಕೆ ಹೋಗಿ, ಅಲ್ಲಿಂದ ತಾಯಿಯ ಕಿವಿಯನ್ನು ಸೇರಿತು. ತಾಯಿಯ ಧ್ವನಿ ‘ಮೂರನೆಯ ಮನೆ’ಯನ್ನು ಹುಡುಕುತ್ತ ದಾರಿಯಲ್ಲಿಯೇ ಇಲ್ಲವಾಯಿತು.

ಪರಿಹಾರ ಎರಡು ಹೆಜ್ಜೆಗಳದು. ಚೀಟಿಯಲ್ಲಿ ವಠಾರದ ಹೊರವಿಳಾಸವನ್ನು ಬರೆಯಬೇಕೆಂದು ಪಿ.ಬಿ.ಎಕ್ಸ್. ಯಂತ್ರಕ್ಕೆ ತಿಳಿಸುವುದು ಮೊದಲನೆಯದು. ಧ್ವನಿಗಾಗಿ ಗೊತ್ತುಪಡಿಸಿದ ಬಾಗಿಲುಗಳಿಗೆ ಕಂಪನಿಯಿಂದ ಬಂದುದನ್ನು ಒಳಕ್ಕೆ ಬಿಡುವಂತೆ ರೌಟರಿಗೆ ಹೇಳುವುದು ಎರಡನೆಯದು. ಕೆಲವು ರೌಟರುಗಳಲ್ಲಿ ‘ಸಿಪ್ ಎ.ಎಲ್.ಜಿ.’ ಎಂಬ ಸೌಲಭ್ಯವಿದ್ದು, ಸಹಾಯ ಮಾಡುವೆನೆಂದು ಚೀಟಿಯನ್ನು ತಾನೇ ತಿದ್ದಲು ಹೋಗಿ ಕೆಡಿಸುವುದುಂಟು. ಅದನ್ನು ನಿಲ್ಲಿಸಿಬಿಡುವುದು ಸಾಮಾನ್ಯವಾಗಿ ಮೇಲು.

ಅಳವಡಿಸುವ ಕ್ರಮ

ಎಷ್ಟು ಕರೆಗಳಿಗೆ ಏಕಕಾಲದಲ್ಲಿ ಅವಕಾಶ ಬೇಕೆಂಬುದನ್ನು ಮೊದಲು ಲೆಕ್ಕಹಾಕಬೇಕು. ಈ ಗಣಿತವನ್ನು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಏರ್ಲಾಂಗ್ ಎಂಬ ಡೇನಿಷ್ ಗಣಿತಜ್ಞ 1917ರಲ್ಲಿಯೇ ಒದಗಿಸಿದ್ದಾನೆ. ಅತ್ಯಂತ ದಟ್ಟಣೆಯ ಒಂದು ಗಂಟೆಯಲ್ಲಿ 3 ನಿಮಿಷಗಳ 200 ಕರೆಗಳು ಬರುವುವೆಂದು ಇಟ್ಟುಕೊಳ್ಳೋಣ. ಒಟ್ಟು 600 ನಿಮಿಷ. 60ರಿಂದ ಭಾಗಿಸಿದರೆ 10. ಹಾಗೆಂದು ಹತ್ತೇ ದಾರಿಗಳನ್ನು ಇಟ್ಟರೆ ಸಾಲದು, ಏಕೆಂದರೆ ಕರೆಗಳು ಸರದಿಯಲ್ಲಿ ಬರುವುದಿಲ್ಲ. ನೂರಕ್ಕೆ ಒಂದಕ್ಕಿಂತ ಹೆಚ್ಚು ಕರೆಗಳು ತಪ್ಪಿಹೋಗಬಾರದೆಂದರೆ 18 ದಾರಿಗಳು ಬೇಕೆಂದು ಏರ್ಲಾಂಗನ ಸೂತ್ರ ಹೇಳುತ್ತದೆ. ಹದಿನೆಂಟು ಧ್ವನಿಗಳಿಗೆ ಸೆಕೆಂಡಿಗೆ ಸುಮಾರು 15 ಲಕ್ಷ ಬಿಟ್‌ಗಳ ಅವಕಾಶ ಹೋಗುವ ದಿಕ್ಕಿಗೂ ಬರುವ ದಿಕ್ಕಿಗೂ ಇರಬೇಕು.

ಅನಂತರ ಕಂಪನಿಯಿಂದ ಅದರ ಯಂತ್ರದ ವಿಳಾಸ, ಬಾಗಿಲಿನ ಸಂಖ್ಯೆ (ಸಾಮಾನ್ಯವಾಗಿ 5060), ಬಳಕೆದಾರನ ಹೆಸರು, ಗುಪ್ತಪದ ಹಾಗೂ ನಮಗೆ ಕೊಟ್ಟ ಟೆಲಿಫೋನ್ ಸಂಖ್ಯೆಗಳನ್ನು ಪಡೆದು ಪಿ.ಬಿ.ಎಕ್ಸ್. ಯಂತ್ರದಲ್ಲಿ ತುಂಬಬೇಕು. ಗುಪ್ತಪದ ತಂತಿಯ ಮೇಲೆ ಹಾಗೆಯೇ ಹೋಗುವುದಿಲ್ಲ. ಕಂಪನಿಯ ಯಂತ್ರ ಪ್ರತಿಸಲವೂ ಹೊಸದೊಂದು ಸಂಖ್ಯೆಯನ್ನು ಒಡ್ಡುತ್ತದೆ. ಅದನ್ನೂ ಗುಪ್ತಪದವನ್ನೂ ಬೆರೆಸಿ ಗಣಿಸಿದ ಫಲಿತವನ್ನು ಮಾತ್ರ ನಮ್ಮ ಯಂತ್ರ ಹಿಂತಿರುಗಿಸುತ್ತದೆ. ಒಳಬರುವ ಯಾವ ಸಂಖ್ಯೆ ಯಾವ ಮೇಜಿನಲ್ಲಿ ಗಂಟೆ ಬಾರಿಸಬೇಕು, ಹೊರಹೋಗುವ ಸಂಖ್ಯೆಗಳನ್ನು ಯಾವ ರೂಪದಲ್ಲಿ ಕಂಪನಿಗೆ ಒಪ್ಪಿಸಬೇಕು ಎಂಬ ನಿಯಮಗಳನ್ನು ಬರೆದರೆ ವ್ಯವಸ್ಥೆ ಸಿದ್ಧ.

ಮಾತು ತಡವಾಗಿ ತಲಪಿದರೆ ಸಂಭಾಷಣೆ ಕೆಡುತ್ತದೆ. ಬಾಯಿಂದ ಕಿವಿಗೆ 150 ಮಿಲಿಸೆಕೆಂಡುಗಳನ್ನು ಮೀರದಿರುವುದು ಒಳ್ಳೆಯದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುವುದರಿಂದ 2,000 ಕಿಲೋಮೀಟರಿಗೆ ಬೇಕಾಗುವುದು 10 ಮಿಲಿಸೆಕೆಂಡು ಮಾತ್ರ. ಆದ್ದರಿಂದ ತಡಕ್ಕೆ ಕಾರಣ ಸಾಮಾನ್ಯವಾಗಿ ದೂರವಲ್ಲ, ಸಾಲಿನಲ್ಲಿ ನಿಂತು ಕಾಯುವುದು. ಯಾರೋ ಚಲನಚಿತ್ರ ನೋಡುತ್ತಿರುವಾಗ ಧ್ವನಿಯ ಪೊಟ್ಟಣಗಳು ಹಿಂದೆ ಉಳಿಯಬಾರದು. ಅವಕ್ಕೆ ಮೊದಲ ದಾರಿ ಕೊಡುವಂತೆ ರೌಟರನ್ನು ಹೊಂದಿಸಬೇಕು.

ಮೂರು ಎಚ್ಚರಿಕೆಗಳು

ಅಂತರಜಾಲಕ್ಕೆ ತೆರೆದ ಬಾಗಿಲನ್ನು ಕಳ್ಳರು ಹಗಲಿರುಳೂ ತಟ್ಟುತ್ತಿರುತ್ತಾರೆ. ‘1234’ ಎಂಬಂತಹ ಗುಪ್ತಪದ ಸಿಕ್ಕಿದರೆ ರಾತ್ರೋರಾತ್ರಿ ವಿದೇಶಗಳಿಗೆ ಕರೆಗಳು ಹೋಗಿ, ಬಿಲ್ಲು ಕಚೇರಿಯ ಹೆಸರಿಗೆ ಬರುತ್ತದೆ. ಕಂಪನಿಯ ವಿಳಾಸದಿಂದ ಬಂದುದನ್ನು ಮಾತ್ರ ಒಳಗೆ ಬಿಡಬೇಕು. ವಿದೇಶದ ಕರೆಗಳು ಬೇಡವಾದರೆ ಮುಚ್ಚಿಬಿಡಬೇಕು.

ಎರಡನೆಯದು ತುರ್ತು ಕರೆ. 2013ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಒಂದು ಹೋಟೆಲಿನಲ್ಲಿ ತಾಯಿಯ ಮೇಲೆ ಮಾರಣಾಂತಿಕ ಹಲ್ಲೆ ನಡೆಯುತ್ತಿದ್ದಾಗ, ಒಂಬತ್ತು ವರ್ಷದ ಮಗಳು ಕೋಣೆಯ ಫೋನಿನಿಂದ 911ಕ್ಕೆ ನಾಲ್ಕು ಸಲ ಕರೆಮಾಡಿದಳು. ಹೊರಗಿನ ಲೈನಿಗಾಗಿ ಮೊದಲು 9ನ್ನು ಒತ್ತಬೇಕೆಂಬುದು ಆ ಮಗುವಿಗೆ ತಿಳಿಯದು; ಕರೆ ಹೋಗಲೇ ಇಲ್ಲ. ತಾಯಿ ಬದುಕಲಿಲ್ಲ. ಮುಂದೆ ಅಲ್ಲಿ ಈ ಕುರಿತು ಶಾಸನವಾಗಿ, 2020ರ ಫೆಬ್ರವರಿ 16ರ ಅನಂತರ ಕೂಡಿಸುವ ಇಂತಹ ವ್ಯವಸ್ಥೆಗಳಲ್ಲಿ 911 ನೇರವಾಗಿ ಹೋಗಲೇಬೇಕೆಂದು ವಿಧಿಸಲಾಯಿತು. ನಮ್ಮಲ್ಲಿಯೂ 112ನ್ನು ಒತ್ತಿದವರಿಗೆ, ಮುಂದೆ ಸೊನ್ನೆ ಒತ್ತಿದರೂ ಒತ್ತದಿದ್ದರೂ, ಕರೆ ಸಿಗುವಂತೆ ನಿಯಮ ಬರೆಯುವುದು ಅಳವಡಿಸುವವರ ಕರ್ತವ್ಯ.

ಮೂರನೆಯದು ವಿದ್ಯುತ್ತು. ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯೇ ಶಕ್ತಿ ಒದಗಿಸುತ್ತಿದ್ದುದರಿಂದ ಊರೆಲ್ಲ ಕತ್ತಲಾದರೂ ಅದು ನುಡಿಯುತ್ತಿದ್ದಿತು. ಈಗ ಪಿ.ಬಿ.ಎಕ್ಸ್., ರೌಟರ್, ಗಾಜಿನ ಎಳೆಯ ಪೆಟ್ಟಿಗೆ, ಮೇಜಿನ ಫೋನು ಇವುಗಳಲ್ಲಿ ಒಂದು ಆರಿದರೂ ಕಚೇರಿ ಮೂಕವಾಗುತ್ತದೆ. ಎಲ್ಲಕ್ಕೂ ಯು.ಪಿ.ಎಸ್. ಆಸರೆ ಬೇಕು.

ಕೊನೆಯದಾಗಿ ಪರೀಕ್ಷೆ. ನಮ್ಮ ಕಾಲೇಜಿನಲ್ಲಿ ಹೊಸ ವ್ಯವಸ್ಥೆಯನ್ನು ಕೂಡಿಸಿದಂದು ಗಂಟೆ ಬಾರಿಸಿದುದನ್ನು ಕೇಳಿ ‘ಸರಿಯಾಗಿದೆ’ ಎಂದು ರುಜು ಹಾಕಿದ್ದರು. ಹೊರಗಿನಿಂದ ಒಳಕ್ಕೂ ಒಳಗಿನಿಂದ ಹೊರಕ್ಕೂ ಕರೆಮಾಡಿ, ಎರಡು ಕಡೆಯವರೂ ಮಾತನಾಡಿ, ಕೇಳಿಸಿಕೊಂಡು ನೋಡಿದ್ದರೆ ದೋಷ ಐದೇ ನಿಮಿಷಗಳಲ್ಲಿ ಹೊರಬೀಳುತ್ತಿದ್ದಿತು. ಕೆಲವು ದೋಷಗಳು ತಡವಾಗಿ ತೋರುವುದರಿಂದ ಅರ್ಧ ಗಂಟೆ ಮೀರುವ ಕರೆಯೊಂದನ್ನೂ ಮಾಡಿ ನೋಡಬೇಕು.

ವಿಳಾಸವನ್ನು ತಿದ್ದಿದ ಸಂಜೆ ನಾವು ಆ ತಾಯಿಯ ಮನೆಗೆ ವಿದ್ಯಾರ್ಥಿನಿಲಯದ ಫೋನಿನಿಂದಲೇ ಕರೆಮಾಡಿದೆವು. ಮಗ ಊಟ ಮಾಡಿದನೆಂದು ಮೇಲ್ವಿಚಾರಕರು ತಿಳಿಸಿದರು. ‘ಈಗ ನಾನು ಹೇಳೋದು ಕೇಳಿಸ್ತಿದೆಯಾ ಸ್ವಾಮಿ?’ ಎಂದು ಆ ಕಡೆಯಿಂದ ಪ್ರಶ್ನೆ ಬಂದಿತು. ಸ್ಪಷ್ಟವಾಗಿ ಕೇಳಿಸಿತು.